ಅರ್ಧ ನಿಮಿಷದ ಅಂಕಿ, ಇಡೀ ದಿನದ ಗಡಿಯಾರ

ಕೀ ಕೊಟ್ಟು ನಡೆಸುವ ಹಳೆಯ ಕೈಗಡಿಯಾರಗಳ ಮಾರಾಟದಲ್ಲಿ ಈಗ ಹೊಸ ಬಗೆಯ ಪ್ರಮಾಣಪತ್ರವೊಂದು ಚಲಾವಣೆಗೆ ಬಂದಿದೆ. ಹೈದರಾಬಾದಿನ ಆಬಿಡ್ಸ್‌ನಲ್ಲಿ ಕೊಳ್ಳಿ, ಸಿಕಂದರಾಬಾದಿನಲ್ಲಿ ಕೊಳ್ಳಿ, ಫೋನಿನಲ್ಲೇ ವ್ಯವಹಾರ ಮುಗಿಸಿ, ಗಡಿಯಾರದ ಚಿತ್ರದ ಜೊತೆಗೆ ಇನ್ನೊಂದು ಚಿತ್ರ ಬರುತ್ತದೆ. ಟೈಮ್‌ಗ್ರಾಫರ್ ಎಂಬ ಪುಟ್ಟ ಯಂತ್ರದ ಪರದೆ ಅದು. ಎರಡು ನೇರವಾದ ಚುಕ್ಕಿಸಾಲು, ಮೇಲೆ ಮೂರು ಅಂಕಿ: ದಿನಕ್ಕೆ ಇಷ್ಟು ಸೆಕೆಂಡು ಹೆಚ್ಚು ಅಥವಾ ಕಡಿಮೆ, ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರದ ತೂಗಾಟ) ಇಷ್ಟು ಡಿಗ್ರಿ, ಬೀಟ್ ಎರರ್ (ಬಡಿತದ ಎರಡು ಬದಿಗಳ ವ್ಯತ್ಯಾಸ) ಇಷ್ಟು ಮಿಲಿಸೆಕೆಂಡು. ಸಾಲು ನೇರವಾಗಿದ್ದು ಮೊದಲ ಅಂಕಿ ಸೊನ್ನೆಯ ಹತ್ತಿರವಿದ್ದರೆ ಗಡಿಯಾರ ಒಳ್ಳೆಯದು, ಸರ್ವಿಸ್ ಚೆನ್ನಾಗಿ ಆಗಿದೆ, ಬೆಲೆ ನ್ಯಾಯವಾದದ್ದು ಎಂದು ಮಾರುವವರೂ ಕೊಳ್ಳುವವರೂ ಒಪ್ಪಿಬಿಡುತ್ತಾರೆ. ಈ ಒಪ್ಪಂದ ತಪ್ಪು ಎಂಬುದು ನನ್ನ ವಾದ. ಯಂತ್ರ ಸುಳ್ಳು ಹೇಳುತ್ತಿಲ್ಲ. ತನಗೆ ಕೇಳಿಸಿದ ಅರ್ಧ ನಿಮಿಷದ ಬಗ್ಗೆ ಅದು ಸತ್ಯವನ್ನೇ ಹೇಳುತ್ತದೆ. ನಾವು ಅದನ್ನು ಇಡೀ ದಿನದ ಬಗೆಗಿನ ತೀರ್ಪು ಎಂದು ಓದುತ್ತಿದ್ದೇವೆ. ಈ ತಪ್ಪು ಓದಿನಿಂದ ಗ್ರಾಹಕರಿಗೆ ನಷ್ಟವಾಗುತ್ತಿದೆ, ಒಳ್ಳೆಯ ರಿಪೇರಿಯವರಿಗೆ ಅನ್ಯಾಯವಾಗುತ್ತಿದೆ, ಇನ್ನು ಮುಂದೆ ಯಾರೂ ತಯಾರಿಸದ ಗಡಿಯಾರಗಳು ಹಾಳಾಗುತ್ತಿವೆ.

ಯಂತ್ರಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಬೇಕು. 1930ರ ದಶಕದಲ್ಲಿ ಅಮೆರಿಕದ ವಾಚ್‌ಮಾಸ್ಟರ್, ಆಮೇಲೆ ಸ್ವಿಟ್ಜರ್‌ಲೆಂಡಿನ ವೈಬ್ರೋಗ್ರಾಫ್ ಯಂತ್ರಗಳು ಗಡಿಯಾರದ ಬಡಿತವನ್ನು ಕಾಗದದ ಮೇಲೆ ಚುಕ್ಕಿಗಳಾಗಿ ಮುದ್ರಿಸತೊಡಗಿದವು. ಈಗ ಬಹುತೇಕ ಮೇಜುಗಳ ಮೇಲಿರುವ ಚೀನಾದ ಅಗ್ಗದ ಯಂತ್ರಗಳು ಅದೇ ಕೆಲಸವನ್ನು ಪರದೆಯ ಮೇಲೆ ಮಾಡುತ್ತವೆ. ಗಡಿಯಾರವನ್ನು ಹಿಡಿಕೆಗೆ ಸಿಕ್ಕಿಸಿದರೆ ಅದರೊಳಗಿನ ಸಂವೇದಕ ಬ್ಯಾಲೆನ್ಸ್ ಚಕ್ರದ ಪ್ರತಿ ತೂಗಾಟದಲ್ಲಿ ಹುಟ್ಟುವ ಸದ್ದನ್ನು ಹಿಡಿಯುತ್ತದೆ. ನಮಗೆ ಒಂದೇ 'ಟಿಕ್' ಎಂದು ಕೇಳುವ ಸದ್ದಿನಲ್ಲಿ ಮುಖ್ಯವಾಗಿ ಮೂರು ಬಡಿತಗಳಿರುತ್ತವೆ: ಬೀಗ ಬಿಡುವಾಗ ಒಂದು, ತಳ್ಳು ಸಿಗುವಾಗ ಒಂದು, ಮತ್ತೆ ಬೀಗ ಬೀಳುವಾಗ ಒಂದು. ಈ ಸದ್ದುಗಳನ್ನು ಯಂತ್ರ ತನ್ನ ಕ್ವಾರ್ಟ್ಜ್ ಹರಳಿನ ಕಂಪನದೊಂದಿಗೆ ಹೋಲಿಸುತ್ತದೆ. ದಿನಕ್ಕೆ 5 ಸೆಕೆಂಡು ಮುಂದೆ ಓಡುವ ಗಡಿಯಾರ 10 ಸೆಕೆಂಡಿನಲ್ಲಿ ಮುಂದೆ ಹೋಗುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮನುಷ್ಯನ ಕಿವಿಗಾಗಲೀ ಕಣ್ಣಿಗಾಗಲೀ ಇದು ಎಟುಕುವ ಮಾತಲ್ಲ. ಬ್ಯಾಲೆನ್ಸನ್ನು ತೂಗಿಸುವ ಹೇರ್‌ಸ್ಪ್ರಿಂಗ್‌ಗೆ ಅಯಸ್ಕಾಂತ ಹತ್ತಿದೆಯೇ, ಎಸ್ಕೇಪ್ ಚಕ್ರದ ಒಂದು ಹಲ್ಲು ಕೊಳೆಯಾಗಿದೆಯೇ, ಬಡಿತದ ಎರಡು ಬದಿ ಸಮವಾಗಿವೆಯೇ ಎಂಬುದನ್ನು ಅದು ಕ್ಷಣದಲ್ಲಿ ತೋರಿಸುತ್ತದೆ. ರಿಪೇರಿಯವರ ಮೇಜಿನಿಂದ ಈ ಯಂತ್ರವನ್ನು ಎತ್ತಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ದೋಷ ಹುಡುಕುವ ಸಾಧನ. ದೋಷವಿಲ್ಲವೆಂದು ಮುದ್ರೆ ಒತ್ತುವ ಅಧಿಕಾರ ಅದಕ್ಕಿಲ್ಲ.

ಏಕಿಲ್ಲ ಎಂಬುದಕ್ಕೆ ಮೊದಲ ಕಾರಣ ತೀರಾ ಸರಳ. ಯಂತ್ರಕ್ಕೆ ಮುಳ್ಳುಗಳು ಕಾಣುವುದಿಲ್ಲ. ಅದು ಆಲಿಸುವುದು ಬ್ಯಾಲೆನ್ಸ್ ಮತ್ತು ಎಸ್ಕೇಪ್‌ಮೆಂಟಿನ ಸದ್ದನ್ನು. ನಾವು ಸಮಯ ನೋಡುವುದು ಡಯಲಿನ ಮೇಲಿನ ಮುಳ್ಳುಗಳಲ್ಲಿ. ಇವೆರಡರ ನಡುವೆ ಕ್ಯಾನನ್ ಪಿನಿಯನ್ ಎಂಬ ಸಣ್ಣ ಕೊಳವೆಯಿದೆ. ಅದು ನಡುಚಕ್ರದ ಅಚ್ಚಿನ ಮೇಲೆ ಬರೀ ಬಿಗಿತದಿಂದ ಕೂತಿರುತ್ತದೆ. ಸಮಯ ತಿದ್ದುವಾಗ ಜಾರಬೇಕು, ಉಳಿದ ಹೊತ್ತಿನಲ್ಲಿ ಜಾರಬಾರದು. ವರ್ಷಗಟ್ಟಲೆ ಮುಳ್ಳು ತಿರುಗಿಸಿದ ಗಡಿಯಾರಗಳಲ್ಲಿ ಈ ಬಿಗಿತ ಸಡಿಲವಾಗುತ್ತದೆ. ಆಗ ಬ್ಯಾಲೆನ್ಸ್ ಅತ್ಯುತ್ತಮವಾಗಿ ತೂಗುತ್ತಿದ್ದರೂ ನಿಮಿಷದ ಮುಳ್ಳು ಹಿಂದೆ ಬೀಳುತ್ತದೆ. ಪರದೆಯಲ್ಲಿ ಸೊನ್ನೆ, ಸಂಜೆಗೆ ಕೈಯಲ್ಲಿ ಹತ್ತು ನಿಮಿಷ ಹಿಂದೆ. ಈ ನಗರದಲ್ಲಿ ಸಾರ್ವಜನಿಕ ಗಡಿಯಾರಗಳಿಗೆ ಕೊರತೆಯಿಲ್ಲ. ಚಾರ್‌ಮಿನಾರಿನ ನಾಲ್ಕು ಮುಖಗಳಲ್ಲಿ 1889ರಲ್ಲಿ ಗಡಿಯಾರಗಳು ಬಂದವು. ಮಹಬೂಬ್ ಚೌಕದ ಗೋಪುರ 1892ರದ್ದು. ಇವು ಸರಿಯಾಗಿವೆಯೇ ಎಂದು ತಿಳಿಯಲು ನಾವು ಒಳಗಿನ ಸದ್ದಿಗೆ ಕಿವಿಗೊಡುವುದಿಲ್ಲ. ಮುಳ್ಳು ಎಲ್ಲಿದೆ ಎಂದು ನೋಡುತ್ತೇವೆ, ನಾಳೆ ಅದೇ ಹೊತ್ತಿಗೆ ಮತ್ತೆ ನೋಡುತ್ತೇವೆ. ಕೈಗಡಿಯಾರ ಚಿಕ್ಕದಾಯಿತೆಂದು ಈ ತರ್ಕ ಬದಲಾಗಬೇಕಿಲ್ಲ.

ಎರಡನೆಯ ಕಾರಣ ಹೊತ್ತಿನದು, ನನ್ನ ವಾದದ ತಿರುಳೂ ಇದೇ. ದಿನಕ್ಕೆ 86,400 ಸೆಕೆಂಡು. ಯಂತ್ರ ಒಂದು ಅಂಕಿಯನ್ನು ತೋರಿಸಲು ಸರಾಸರಿ ತೆಗೆಯುವುದು ಕೆಲವು ಸೆಕೆಂಡುಗಳಿಂದ ಹೆಚ್ಚೆಂದರೆ ಒಂದು ನಿಮಿಷದವರೆಗಿನ ಸದ್ದನ್ನು. 20 ಸೆಕೆಂಡಿನ ಅಳತೆಯಾದರೆ ಅದನ್ನು 4,320ರಿಂದ ಗುಣಿಸಿ ದಿನದ ಲೆಕ್ಕ ಮಾಡುತ್ತದೆ. ಬಡಿತ ದಿನವಿಡೀ ಒಂದೇ ಸಮನಾಗಿದ್ದರೆ ಗುಣಾಕಾರ ಸರಿ. ಆದರೆ ಗಂಟೆಗೆ 18,000 ಬಾರಿ ಬಡಿಯುವ ಎಚ್‌ಎಂಟಿಯಂಥ ಗಡಿಯಾರದ ಒಳಗೆ ಏನು ನಡೆಯುತ್ತದೆ ನೋಡಿ. ಹದಿನೈದು ಹಲ್ಲಿನ ಎಸ್ಕೇಪ್ ಚಕ್ರ 6 ಸೆಕೆಂಡಿಗೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಅದರ ದೋಷ ಪರದೆಯ ಮೇಲೆ ಕಾಣುತ್ತದೆ. ನಾಲ್ಕನೆಯ ಚಕ್ರಕ್ಕೆ ಒಂದು ನಿಮಿಷ ಬೇಕು. ಮೂರನೆಯ ಚಕ್ರಕ್ಕೆ ಹಲವು ನಿಮಿಷ, ನಡುಚಕ್ರಕ್ಕೆ ಒಂದು ಗಂಟೆ, ಮೇನ್‌ಸ್ಪ್ರಿಂಗ್ ಇರುವ ಬ್ಯಾರೆಲ್‌ಗೆ ಹಲವು ಗಂಟೆ. ಮೂರನೆಯ ಚಕ್ರದ ಒಂದು ಹಲ್ಲು ಬಾಗಿದ್ದರೆ, ನಡುಚಕ್ರದ ಅಚ್ಚು ಸವೆದಿದ್ದರೆ, ಬ್ಯಾರೆಲ್ಲಿನ ಒಳಗೋಡೆ ಒರಟಾಗಿದ್ದರೆ, ಆ ತೊಂದರೆ ಯಂತ್ರ ಆಲಿಸಿದ ಇಪ್ಪತ್ತು ಸೆಕೆಂಡಿನಲ್ಲೇ ಬರಬೇಕೆಂದಿಲ್ಲ. ನಿಮಿಷದ ಮುಳ್ಳೂ ಗಂಟೆಯ ಮುಳ್ಳೂ ಒಂದಕ್ಕೊಂದು ಉಜ್ಜುವುದು ಅವು ಎದುರಾದಾಗ ಮಾತ್ರ. ತಾರೀಖು ಬದಲಿಸುವ ಭಾರ ಬೀಳುವುದು ನಡುರಾತ್ರಿಯ ಆಸುಪಾಸಿನಲ್ಲಿ. ಅಂಗಡಿ ತೆರೆದಿರುವ ಹೊತ್ತಿನಲ್ಲಿ ಅದನ್ನು ಯಾವ ಯಂತ್ರವೂ ಕೇಳದು. ಹೀಗೆ ಗಡಿಯಾರದ ಬಹುಪಾಲು ಭಾಗಗಳು ತಮ್ಮ ಒಂದು ಸುತ್ತನ್ನೂ ಮುಗಿಸುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ಬೀದರಿಗೆ ಹೊರಟ ಬಸ್ಸು ಇಮ್ಲಿಬನ್ ನಿಲ್ದಾಣದ ಗೇಟು ದಾಟುವಾಗಿನ ವೇಗವನ್ನು ಅಳೆದು, ಅದು ಬೀದರ್ ಮುಟ್ಟುವ ನಿಮಿಷವನ್ನು ಬರೆದುಕೊಟ್ಟಂತೆ ಇದು.

ಮೇನ್‌ಸ್ಪ್ರಿಂಗಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಫೋಟೊ ತೆಗೆಯುವ ಹೊತ್ತಿಗೂ ಇದಕ್ಕೂ ನೇರ ಸಂಬಂಧವಿದೆ. ಪೂರ್ತಿ ಕೀ ಕೊಟ್ಟಾಗ ಬ್ಯಾಲೆನ್ಸ್ ಚಕ್ರ 280 ಡಿಗ್ರಿಯಷ್ಟು ತೂಗುವ ಆರೋಗ್ಯವಂತ ಗಡಿಯಾರವೂ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಅದಕ್ಕಿಂತ ಬಹಳ ಕಡಿಮೆ ತೂಗುತ್ತದೆ. ತೂಗಾಟ ಕುಗ್ಗಿದಾಗ ವೇಗವೂ ಬದಲಾಗುತ್ತದೆ; ಎಷ್ಟು ಬದಲಾಗುತ್ತದೆ ಎಂಬುದೇ ಗಡಿಯಾರದ ಗುಣಮಟ್ಟದ ನಿಜವಾದ ಪರೀಕ್ಷೆ. ಬ್ಯಾಲೆನ್ಸ್ ಚಕ್ರದ ಒಂದು ಕಡೆ ಕೂದಲೆಳೆಯಷ್ಟು ತೂಕ ಹೆಚ್ಚಿದ್ದರೆ ಗಡಿಯಾರ ನಿಂತ ಭಂಗಿಯಲ್ಲಿರುವಾಗ ವೇಗ ಕೆಡುತ್ತದೆ. ಆದರೆ ತೂಗಾಟ ಸುಮಾರು 220 ಡಿಗ್ರಿ ಇರುವಾಗ ಈ ದೋಷ ಬಹುತೇಕ ಮರೆಯಾಗುತ್ತದೆ. ಅದಕ್ಕಿಂತ ಹೆಚ್ಚಿದ್ದಾಗ ಒಂದು ದಿಕ್ಕಿಗೆ, ಕಡಿಮೆಯಾದಾಗ ಅದರ ವಿರುದ್ಧ ದಿಕ್ಕಿಗೆ ಅದು ಎಳೆಯುತ್ತದೆ. ಅಂದರೆ ಬೆಳಿಗ್ಗೆ ಹಿಂದೆ ಬೀಳುವ ಗಡಿಯಾರವೇ ರಾತ್ರಿ ಮುಂದೆ ಓಡಬಹುದು. ಮಾರುವವರು ಫೋಟೊ ತೆಗೆಯುವುದು ಪೂರ್ತಿ ಕೀ ಕೊಟ್ಟ ಕೂಡಲೇ, ಡಯಲ್ ಮೇಲ್ಮುಖವಾಗಿ ಮಲಗಿಸಿದ ಸ್ಥಿತಿಯಲ್ಲಿ, ಅಂದರೆ ಗಡಿಯಾರದ ಬದುಕಿನ ಅತ್ಯಂತ ಸುಖದ ಗಳಿಗೆಯಲ್ಲಿ. ಆ ಭಂಗಿಯಲ್ಲಿ ಬ್ಯಾಲೆನ್ಸಿನ ಸೂಜಿಮೊನೆ ಒಂದೇ ಹರಳಿನ ಮೇಲೆ ನಿಲ್ಲುತ್ತದೆ, ಘರ್ಷಣೆ ಅತಿ ಕಡಿಮೆ, ತೂಕದ ಅಸಮತೋಲ ತೋರುವುದೇ ಇಲ್ಲ. ಕೈಯಲ್ಲಿ ಕಟ್ಟಿಕೊಂಡು ಬಸ್ಸಿನ ಕಂಬಿ ಹಿಡಿದು ನಿಂತವರ ಗಡಿಯಾರ ಆ ಭಂಗಿಯಲ್ಲಿ ಎಷ್ಟು ಹೊತ್ತು ಇರುತ್ತದೆ?

ಗಡಿಯಾರದ ನಿಖರತೆಯನ್ನು ಪ್ರಮಾಣೀಕರಿಸುವುದನ್ನೇ ವೃತ್ತಿ ಮಾಡಿಕೊಂಡವರು ಏನು ಮಾಡುತ್ತಾರೆ ಎಂದು ನೋಡಿದರೆ ಈ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಸ್ವಿಟ್ಜರ್‌ಲೆಂಡಿನ ಕ್ರೊನೋಮೀಟರ್ ಪರೀಕ್ಷಾ ಸಂಸ್ಥೆ ಸಿಒಎಸ್‌ಸಿ ಪ್ರತಿ ಗಡಿಯಾರದ ಯಂತ್ರವನ್ನು 15 ದಿನ ಇಟ್ಟುಕೊಳ್ಳುತ್ತದೆ. ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್ ಎಂಬ ಮೂರು ಉಷ್ಣತೆಗಳಲ್ಲಿ ನೋಡುತ್ತದೆ. ದಿನದ ಸರಾಸರಿ ವೇಗ ಮೈನಸ್ 4ರಿಂದ ಪ್ಲಸ್ 6 ಸೆಕೆಂಡಿನ ಒಳಗೆ ಇರಬೇಕೆನ್ನುವುದು ಎಲ್ಲರಿಗೂ ಗೊತ್ತಿರುವ ಷರತ್ತು. ದಿನದಿಂದ ದಿನಕ್ಕೆ ಆ ವೇಗ ಎಷ್ಟು ಹೊಯ್ದಾಡಬಹುದು, ಭಂಗಿಯಿಂದ ಭಂಗಿಗೆ ಎಷ್ಟು ವ್ಯತ್ಯಾಸವಾಗಬಹುದು, ಉಷ್ಣತೆಯ ಜೊತೆಗೆ ಎಷ್ಟು ಬದಲಾಗಬಹುದು ಎಂಬುದಕ್ಕೂ ಅಲ್ಲಿ ಬೇರೆ ಬೇರೆ ಮಿತಿಗಳಿವೆ. ಅವುಗಳ ಬಗ್ಗೆ ಮಾತನಾಡುವವರು ಕಡಿಮೆ. ಬಹಳ ಮುಖ್ಯವಾದ ಸಂಗತಿ ಇನ್ನೊಂದು. ಅಲ್ಲಿ ದಿನಕ್ಕೊಮ್ಮೆ ಕ್ಯಾಮೆರಾ ಮೂಲಕ ಮುಳ್ಳಿನ ಸ್ಥಾನವನ್ನು ಓದಿ ಪ್ರಮಾಣ ಸಮಯದೊಂದಿಗೆ ಹೋಲಿಸುತ್ತಾರೆ. ಟಿಕ್ ಸದ್ದಿನ ಮೇಲೆ ಅವರು ಪ್ರಮಾಣಪತ್ರ ಕೊಡುವುದಿಲ್ಲ. ವೈಬ್ರೋಗ್ರಾಫ್ ಯಂತ್ರದ ತವರಿನಲ್ಲೇ ಕೊನೆಯ ತೀರ್ಪು ಮುಳ್ಳಿನದು ಮತ್ತು ದಿನದ್ದು. ಇಲ್ಲಿ ಇನ್ನೊಂದು ಮಾತು: ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆ ಸಂಸ್ಥೆ ಬಳಸುವ ಅತಿ ಹೆಚ್ಚಿನ ಉಷ್ಣತೆಗಿಂತಲೂ ನಮ್ಮ ಬಿಸಿಲು ಹೆಚ್ಚು. ಎಸಿ ಹಾಕಿದ ಅಂಗಡಿಯಲ್ಲಿ ಅರ್ಧ ನಿಮಿಷ ತೆಗೆದ ಅಂಕಿಯನ್ನು ಬೇಸಗೆಯ ಕೋಠಿಯ ರಸ್ತೆಗೆ ಅನ್ವಯಿಸುವುದು ಎಷ್ಟರಮಟ್ಟಿಗೆ ಸರಿ?

ಉಳಿದೆರಡು ಅಂಕಿಗಳ ಕಥೆಯೂ ಹೀಗೆಯೇ. ಆಂಪ್ಲಿಟ್ಯೂಡನ್ನು ಯಂತ್ರ ನೇರವಾಗಿ ಅಳೆಯುವುದಿಲ್ಲ, ಸದ್ದುಗಳ ನಡುವಿನ ಅಂತರದಿಂದ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಲಿಫ್ಟ್ ಆ್ಯಂಗಲ್ ಎಂಬ ಕೋನವನ್ನು ಬಳಸುವವರೇ ಕೊಡಬೇಕು, ಅದು ಗಡಿಯಾರದ ವಿನ್ಯಾಸದಿಂದ ವಿನ್ಯಾಸಕ್ಕೆ ಬೇರೆ. ಯಂತ್ರದಲ್ಲಿ ಮೊದಲೇ ತುಂಬಿಸಿರುವ 52 ಡಿಗ್ರಿಯನ್ನು ಹಾಗೇ ಬಿಟ್ಟು, ನಿಜದಲ್ಲಿ 44 ಡಿಗ್ರಿ ಇರುವ ಗಡಿಯಾರವನ್ನು ಅಳೆದರೆ, 254ರಷ್ಟು ತೂಗುವ ಚಕ್ರ 300 ತೂಗುತ್ತಿದೆ ಎಂದು ಪರದೆ ಘೋಷಿಸುತ್ತದೆ. ಫೋಟೊದಲ್ಲಿ ಯಾವ ಕೋನ ಹಾಕಿದ್ದರು ಎಂದು ನೋಡುವ ಗ್ರಾಹಕರು ಬಹಳ ಕಡಿಮೆ. ಅಂಕಿ ಏರಿಸಲು ಬೇರೆ ದಾರಿಗಳೂ ಇವೆ. ಕೊಳೆ ತೆಗೆಯದೆ ಮೇಲೆ ಎಣ್ಣೆ ಬಿಟ್ಟರೆ ಕೆಲ ದಿನ ತೂಗಾಟ ಚುರುಕಾಗುತ್ತದೆ; ಅದೇ ಎಣ್ಣೆ ಕೊಳೆಯೊಂದಿಗೆ ಸೇರಿ ಅರೆಯುವ ಹಿಟ್ಟಾಗಿ ಅಚ್ಚುಗಳನ್ನು ತಿನ್ನುತ್ತದೆ. ಬೇಕಾದ್ದಕ್ಕಿಂತ ಬಲವಾದ ಮೇನ್‌ಸ್ಪ್ರಿಂಗ್ ಹಾಕಿದರೂ ಅಂಕಿ ಏರುತ್ತದೆ, ಜೊತೆಗೆ ಹಲ್ಲುಗಳ ಸವೆತವೂ ಏರುತ್ತದೆ. ಇನ್ನು ಬೀಟ್ ಎರರ್. ಅದು ಸ್ವಲ್ಪ ಹೆಚ್ಚಿದ್ದರೆ ನಿಂತ ಗಡಿಯಾರ ತಾನಾಗಿ ಹೊರಡಲು ತಡಮಾಡಬಹುದು. ನಡೆಯುತ್ತಿರುವಾಗ ದಿನದ ಲೆಕ್ಕದ ಮೇಲೆ ಅದರ ಪ್ರಭಾವ ಅಲ್ಪ. ಆದರೂ 0.0 ಕಾಣಲೇಬೇಕೆಂದು ಗ್ರಾಹಕರು ಹಟ ಹಿಡಿಯುತ್ತಾರೆ. ಹೇರ್‌ಸ್ಪ್ರಿಂಗಿನ ಹೊರತುದಿಯನ್ನು ಹಿಡಿದಿಡುವ ಸ್ಟಡ್ ಸರಿಸಲು ಅವಕಾಶವಿಲ್ಲದ ಹಳೆಯ ಗಡಿಯಾರಗಳಲ್ಲಿ ಇದನ್ನು ತಿದ್ದಬೇಕಾದರೆ ಬ್ಯಾಲೆನ್ಸನ್ನು ಹೊರತೆಗೆದು ಹೇರ್‌ಸ್ಪ್ರಿಂಗಿನ ಕಾಲೆಟನ್ನು ತಿರುಗಿಸಬೇಕು. ಕೈ ಒಮ್ಮೆ ಜಾರಿದರೆ ಹೇರ್‌ಸ್ಪ್ರಿಂಗ್ ಮುಗಿಯಿತು.

ಇಲ್ಲಿ ನಷ್ಟ ಯಾರದ್ದೆಂದು ಯೋಚಿಸಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆ, ಆಮೇಲೆ ತುಮಕೂರಿನ ಘಟಕ, ಇವು ಎರಡು ತಲೆಮಾರಿನ ಕೈಗಳಿಗೆ ಗಡಿಯಾರ ಕಟ್ಟಿದವು. ಜನತಾ, ಪೈಲಟ್, ಕೋಹಿನೂರ್, ಸೋನಾ ಎಂಬ ಹೆಸರುಗಳು ಕಾಚಿಗುಡದ ಕನ್ನಡ ಮನೆಗಳಲ್ಲಿ ಹೇಗೋ ಹಾಗೆ ತೆಲುಗು, ಉರ್ದು ಮಾತನಾಡುವ ಮನೆಗಳಲ್ಲೂ ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಸನ್ಮಾನವಾಗಿ ಬಂದಿವೆ. ಇದೇ ಊರಿನ ಹೈದರಾಬಾದ್ ಆಲ್ವಿನ್ ಸಂಸ್ಥೆ 1980ರ ದಶಕದಲ್ಲಿ ಸೀಕೊ ಸಹಯೋಗದಲ್ಲಿ ಕೈಗಡಿಯಾರ ತಯಾರಿಸಿತು. ಆಲ್ವಿನ್ ಗಡಿಯಾರಗಳು ನಿಂತು ಬಹಳ ಕಾಲವಾಯಿತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೊಸ ಬಿಡಿಭಾಗ ಬರುವ ದಾರಿ ಮುಚ್ಚಿದೆ. ಕೆಟ್ಟ ಹೇರ್‌ಸ್ಪ್ರಿಂಗಿಗೆ ಬದಲು ಬೇಕೆಂದರೆ ಇನ್ನೊಂದು ಎಚ್‌ಎಂಟಿಯನ್ನು ಬಿಚ್ಚಬೇಕು. ಹೀಗಿರುವಾಗ ಪರದೆಯ ಮೇಲಿನ ಒಂದು ದಶಾಂಶಕ್ಕಾಗಿ ಬ್ಯಾಲೆನ್ಸಿಗೆ ಕೈಹಾಕಿಸುವುದು, ಅಗ್ಗದ ಯಂತ್ರ ಕೊಂಡ ಹುರುಪಿನಲ್ಲಿ ಮನೆಯಲ್ಲೇ ಹಿಂಬದಿ ಬಿಚ್ಚಿ ವೇಗ ತಿದ್ದುವ ರೆಗ್ಯುಲೇಟರನ್ನು ಸೊನ್ನೆ ಬರುವವರೆಗೆ ತಳ್ಳುವುದು, ಇರುವ ಸಂಪತ್ತನ್ನು ಕೈಯಾರೆ ಕರಗಿಸುವ ಕೆಲಸ. ಅದರಲ್ಲೂ ಅಗ್ಗದ ಯಂತ್ರದ ಹರಳೇ ಹತ್ತು ಲಕ್ಷಕ್ಕೆ ಹತ್ತು ಭಾಗ ತಪ್ಪಿದ್ದರೆ ದಿನಕ್ಕೆ 0.86 ಸೆಕೆಂಡಿನ ದೋಷ ಯಂತ್ರದ್ದೇ ಆಗಿರುತ್ತದೆ. ಪ್ಲಸ್ 1ನ್ನು ಸೊನ್ನೆ ಮಾಡಲು ಹೊರಟವರು ಎಷ್ಟೋ ಸಲ ತಮ್ಮ ಯಂತ್ರದ ತಪ್ಪನ್ನು ಗಡಿಯಾರಕ್ಕೆ ವರ್ಗಾಯಿಸುತ್ತಿರುತ್ತಾರೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಪ್ರಾಮಾಣಿಕತೆಯದು. ಯಂತ್ರ ಬರುವ ಮೊದಲು ರಿಪೇರಿಯವರು ಹೇಳಿದ್ದೇ ವೇದವಾಗಿತ್ತು. ಒರೆಸಿ ಕೊಟ್ಟು ಸರ್ವಿಸ್ ಮಾಡಿದೆ ಎಂದರೆ ನಂಬದೆ ಗತಿಯಿರಲಿಲ್ಲ. ಈಗ ಕನಿಷ್ಠ ಒಂದು ಸಾಕ್ಷಿಯಾದರೂ ಇದೆ ಎನ್ನುತ್ತಾರೆ. ಈ ದೂರಿನಲ್ಲಿ ಸತ್ಯವಿದೆ. ತೂಗಾಟ 180 ಡಿಗ್ರಿಗೆ ಇಳಿದ, ಚುಕ್ಕಿಗಳು ಚೆಲ್ಲಾಪಿಲ್ಲಿಯಾದ ಗಡಿಯಾರವನ್ನು ಸರ್ವಿಸ್ ಆಗಿದೆ ಎಂದು ಮಾರಲು ಈಗ ಕಷ್ಟ. ಆದರೆ ಕೆಟ್ಟ ಅಂಕಿ ಕೆಟ್ಟ ಗಡಿಯಾರವನ್ನು ಸಾಬೀತು ಮಾಡುತ್ತದೆ ಎಂದಮಾತ್ರಕ್ಕೆ ಒಳ್ಳೆಯ ಅಂಕಿ ಒಳ್ಳೆಯ ಗಡಿಯಾರವನ್ನು ಸಾಬೀತು ಮಾಡುವುದಿಲ್ಲ. ಮೋಸ ಮಾಡುವವರಿಗೆ ಯಾವ ಭಂಗಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕೋನ ಹಾಕಿ ಫೋಟೊ ತೆಗೆಯಬೇಕೆಂದು ಚೆನ್ನಾಗಿ ಗೊತ್ತು. ಹೊಸದಾಗಿ ಬಣ್ಣ ಬಳಿದ ಡಯಲ್, ಬೇರೆ ಬೇರೆ ಗಡಿಯಾರಗಳಿಂದ ಕೂಡಿಸಿದ ಒಳಭಾಗ, ಇವೂ ಆ ಪರದೆಯ ಮೇಲೆ ಸೊನ್ನೆ ತೋರಿಸಬಲ್ಲವು. ಮೊದಲು ಮನುಷ್ಯನನ್ನು ಕುರುಡಾಗಿ ನಂಬುತ್ತಿದ್ದವರು ಈಗ ಮನುಷ್ಯ ತೆಗೆದ ಫೋಟೊವನ್ನು ಕುರುಡಾಗಿ ನಂಬುತ್ತಿದ್ದಾರೆ, ಅಷ್ಟೆ.

ಬೇರೆ ಬೇರೆ ಭಂಗಿಗಳ ತಪ್ಪು ಕೈಯಲ್ಲಿ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತದೆ, ಹಾಗಾಗಿ ಸರಾಸರಿ ನೋಡಿದರೆ ಸಾಕು ಎಂಬುದು ಮತ್ತೊಂದು ವಾದ. ಸರಿದೂಗುವುದು ನಿಜ. ಆದರೆ ಎಷ್ಟು ಸರಿದೂಗುತ್ತದೆ ಎಂಬುದು ಕಟ್ಟಿಕೊಳ್ಳುವವರ ದಿನಚರಿಯ ಮೇಲೆ ನಿಂತಿದೆ: ದಿನವಿಡೀ ಮೇಜಿನ ಮುಂದೆ ಬರೆಯುವವರ ಕೈ ಒಂದು ಬಗೆ, ಮಗ್ಗದಲ್ಲಿ ಕೆಲಸ ಮಾಡುವವರದು ಇನ್ನೊಂದು ಬಗೆ. ಆ ಸರಾಸರಿಯನ್ನು ಯಂತ್ರ ಊಹಿಸಲಾರದು. ಕಟ್ಟಿಕೊಂಡು ನೋಡಿದರೆ ಮಾತ್ರ ತಿಳಿಯುತ್ತದೆ. ದುಬಾರಿ ಯಂತ್ರಗಳು ಗಡಿಯಾರವನ್ನು ತಾವೇ ಆರು ಭಂಗಿಗೆ ತಿರುಗಿಸಿ, ಗಂಟೆಗಟ್ಟಲೆ ದಾಖಲೆ ಇಡುತ್ತವಲ್ಲ ಎಂದು ಕೇಳುವವರಿಗೆ ನನ್ನ ತಕರಾರೇನೂ ಇಲ್ಲ. ಒಂದು ದಿನ ಪೂರ್ತಿ ಆಲಿಸಿದ ಯಂತ್ರ ನನ್ನ ಮಾತನ್ನೇ ಎತ್ತಿಹಿಡಿಯುತ್ತದೆ, ಆದರೂ ಕೊನೆಗೆ ಮುಳ್ಳನ್ನು ನೋಡಲೇಬೇಕು. ಅಷ್ಟು ನಿಖರತೆ ಬೇಕಿದ್ದವರು ಕ್ವಾರ್ಟ್ಜ್ ಕಟ್ಟಲಿ, ಕೀ ಗಡಿಯಾರ ಪ್ರೀತಿಗಾಗಿ ಎನ್ನುವವರೂ ಇದ್ದಾರೆ. ಪ್ರೀತಿಯಿದ್ದರೆ ಅದನ್ನು ಅದರ ಕಸುಬಿನಲ್ಲೇ ಪರೀಕ್ಷಿಸಬೇಕು, ಸಮಯ ತೋರಿಸುವುದೇ ಅದರ ಕಸುಬು. ಗ್ರಾಹಕರು ಕಾಯುವುದಿಲ್ಲ, ಅಂಗಡಿಯಲ್ಲಿ ಕೆಲಸ ಸಾಲುಗಟ್ಟಿದೆ ಎಂಬ ರಿಪೇರಿಯವರ ಕಷ್ಟ ಮಾತ್ರ ನಿಜವಾದದ್ದು. ಆ ಕಷ್ಟಕ್ಕೆ ಕಾರಣ ಫೋಟೊ ನೋಡಿ ಸಂಜೆಯೇ ಗಡಿಯಾರ ಬೇಕೆನ್ನುವ ನಾವು. ಬಿಚ್ಚಿ, ತೊಳೆದು, ಎಣ್ಣೆಯಿಟ್ಟು, ಕೂಡಿಸಿ, ವಾರ ಕಾಲ ಗೋಡೆಗೆ ತೂಗುಹಾಕಿ ನೋಡುವವರ ಕೂಲಿಯನ್ನು ಅರ್ಧ ನಿಮಿಷದ ಅಂಕಿಗೆ ಹೋಲಿಸಿ ಚೌಕಾಸಿ ಮಾಡಿದರೆ, ಹಾಗೆ ಕೆಲಸ ಮಾಡುವವರು ಉಳಿಯುವುದಿಲ್ಲ.

ಈ ಊರಿಗೆ ಸಮಯದ ಅಳತೆ ಹೊಸ ವಿದ್ಯೆಯಲ್ಲ. ನವಾಬ್ ಜಫರ್ ಜಂಗ್ 1901ರಲ್ಲಿ ಫಿಸಲ್‌ಬಂಡಾದಲ್ಲಿ ಆರಂಭಿಸಿದ, ಆಮೇಲೆ ಬೇಗಂಪೇಟೆಗೆ ಬಂದ ನಿಜಾಮಿಯಾ ವೀಕ್ಷಣಾಲಯ ಆಕಾಶದ ನಕ್ಷೆ ತಯಾರಿಸುವ ಅಂತರರಾಷ್ಟ್ರೀಯ ಕೆಲಸದಲ್ಲಿ ಪಾಲ್ಗೊಂಡು ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನ ದಾಖಲಿಸಿತು. ಆ ಕಾಲದ ಖಗೋಳ ವೀಕ್ಷಣಾಲಯಗಳು ತಮ್ಮ ಗಡಿಯಾರವನ್ನು ನಂಬುತ್ತಿದ್ದ ರೀತಿ ಹೀಗಿತ್ತು: ಗೊತ್ತಿರುವ ನಕ್ಷತ್ರ ಮಧ್ಯಾಹ್ನರೇಖೆ ದಾಟುವ ಗಳಿಗೆಯಲ್ಲಿ ಗಡಿಯಾರ ಎಷ್ಟು ತಪ್ಪಿದೆ ಎಂದು ಬರೆದಿಡುವುದು, ಮುಂದಿನ ರಾತ್ರಿಗಳಲ್ಲಿ ಮತ್ತೆ ಬರೆದಿಡುವುದು, ಎರಡು ತಪ್ಪುಗಳ ವ್ಯತ್ಯಾಸವನ್ನು ನಡುವಿನ ದಿನಗಳಿಂದ ಭಾಗಿಸುವುದು. ಗಡಿಯಾರ ದಿನಕ್ಕೆ ಒಂದೇ ಸಮನಾಗಿ 3 ಸೆಕೆಂಡು ತಪ್ಪಿದರೆ ಅದು ಉತ್ತಮ ಗಡಿಯಾರ, ಲೆಕ್ಕದಲ್ಲಿ ಕಳೆದುಬಿಡಬಹುದು. ಇವತ್ತು ಸೊನ್ನೆ, ನಾಳೆ ಪ್ಲಸ್ 8, ನಾಡಿದ್ದು ಮೈನಸ್ 6 ತೋರುವ ಗಡಿಯಾರದಿಂದ ಅವರಿಗೆ ಉಪಯೋಗವಿರಲಿಲ್ಲ. ಸೊನ್ನೆಗಿಂತ ಸ್ಥಿರತೆ ದೊಡ್ಡದು ಎಂಬುದು ಆ ಪದ್ಧತಿಯ ಆಧಾರ. ಪರದೆಯ ಫೋಟೊ ಸೊನ್ನೆಯನ್ನು ತೋರಿಸಬಲ್ಲದು. ಸ್ಥಿರತೆಯನ್ನು ತೋರಿಸಲು ದಿನಗಳೇ ಬೇಕು.

ಆ ಪರೀಕ್ಷೆಗೆ ಈಗ ದೂರದರ್ಶಕ ಬೇಡ. ಜೇಬಿನ ಫೋನು ತೋರಿಸುವ ಸಮಯ ಈ ಕೆಲಸಕ್ಕೆ ಬೇಕಾದಷ್ಟು ನಿಖರವಾಗಿದೆ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡುವ ಮುನ್ನ ಮುಳ್ಳಿನ ಸ್ಥಾನವನ್ನು ಫೋನಿನೊಂದಿಗೆ ಹೋಲಿಸಿ ವ್ಯತ್ಯಾಸ ಬರೆದಿಡಿ, ಮುಳ್ಳು ತಿದ್ದಬೇಡಿ, ಐದಾರು ದಿನ ಹೀಗೆ ಮಾಡಿ. ಗಡಿಯಾರ ಕೊಳ್ಳುವಾಗ ಪರದೆಯ ಫೋಟೊ ಕೇಳುವ ಬದಲು ಮಾರುವವರಿಂದ ಇಂಥ ಐದು ದಿನಗಳ ಪಟ್ಟಿಯನ್ನು ಕೇಳಿ. ಫೋಟೊ ಕೊಟ್ಟೇ ಕೊಟ್ಟರೆ ಪೂರ್ತಿ ಕೀ ಕೊಟ್ಟಾಗಿನದು, ಇಪ್ಪತ್ತನಾಲ್ಕು ಗಂಟೆಯ ನಂತರದ್ದು, ಮಲಗಿಸಿದಾಗಿನದು, ನಿಲ್ಲಿಸಿದಾಗಿನದು ಎಲ್ಲವೂ ಇರಲಿ, ಲಿಫ್ಟ್ ಆ್ಯಂಗಲ್ ಕಾಣುವಂತಿರಲಿ. ರಿಪೇರಿಗೆ ಕೊಟ್ಟಾಗ ಒಂದು ವಾರ ಇಟ್ಟುಕೊಂಡು ನೋಡಿ ಕೊಡಿ ಎಂದು ನೀವೇ ಹೇಳಿ, ಆ ವಾರದ ಕೂಲಿಯನ್ನೂ ಸೇರಿಸಿ ಕೊಡಿ.